ಎದುರು ಛತ್ರದ ಊಟ

ಗುಬ್ಬಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ವರ್ಷದಲ್ಲಿ ಒಂದು ಪಾಠಕ್ಕೆ ಮಾತ್ರ ನಾನು ನೋಟ್ಸ್ ಹಿಡಿದುಕೊಂಡು ಹೋಗುತ್ತಿರಲಿಲ್ಲ. ಜೀವಕೋಶದೊಳಗೆ ಒಂದು ಪ್ರೋಟೀನು ಇನ್ನೊಂದನ್ನು ಹೇಗೆ ಗುರುತು ಹಿಡಿಯುತ್ತದೆ ಅನ್ನುವ ಪಾಠ ಅದು. ಮಕ್ಕಳು ಕಾಲೇಜು ಶುರುವಾದ ವಾರದಲ್ಲೇ "ಮೇಡಂ, ಛತ್ರದ ಪಾಠ ಯಾವಾಗ?" ಎಂದು ಕೇಳುತ್ತಿದ್ದರು. ಹಿಂದಿನ ವರ್ಷದವರು ಊದಿಬಿಟ್ಟಿರುತ್ತಿದ್ದರು. ಆ ಪಾಠದಲ್ಲಿ ನಮ್ಮತ್ತೆ ಇದ್ದರು, ಹೋಳಿಗೆ ಇತ್ತು, ಒಂದು ತಪ್ಪು ಮದುವೆ ಇತ್ತು. ನಮ್ಮಪ್ಪ ಮಾತ್ರ ಇರಲಿಲ್ಲ. ಅಪ್ಪನ ಪಾಲನ್ನು ನಾನು ಕ್ಲಾಸಿನಲ್ಲಿ ಯಾವತ್ತೂ ಹೇಳಿದ್ದಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮೂರು ಕುಣಿಗಲ್ ಕಡೆಯ ಕೊತ್ತಗೆರೆ. ಅಪ್ಪ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ, ಊರಿನವರ ಬಾಯಲ್ಲಿ ಬರೀ ಮಿಲ್ಲು. ಬೆಳಗಿನಿಂದ ಸಂಜೆವರೆಗೂ ಆ ಮಿಷನ್ನಿನ ಸದ್ದಿನಲ್ಲೇ ಇದ್ದು ಇದ್ದು ಅವನಿಗೆ ಮಾತಾಡುವುದೇ ದಂಡ ಅನ್ನಿಸಿಬಿಟ್ಟಿತ್ತು. ಹುಬ್ಬು ಏರಿಸಿದರೆ 'ಏನು' ಎಂದು ಅರ್ಥ. ತಲೆ ಒಂದು ಪಕ್ಕಕ್ಕೆ ವಾಲಿಸಿದರೆ 'ಆಯ್ತು'. ಎರಡೂ ಇಲ್ಲದೆ ಎತ್ತಲೋ ನೋಡುತ್ತಾ ನಿಂತರೆ 'ನನ್ನನ್ನು ಕೇಳಬೇಡಿ'. ನಮ್ಮ ಮನೆಯ ವ್ಯವಹಾರವೆಲ್ಲ ಈ ಮೂರರಲ್ಲೇ ಮುಗಿದುಹೋಗುತ್ತಿತ್ತು. ಅಪ್ಪ ಉಳಿಸಿದ ಮಾತುಗಳನ್ನೆಲ್ಲ ಅವ್ವ ಖರ್ಚು ಮಾಡುತ್ತಿದ್ದಳು.

ಮಿಲ್ಲಿಗೆ ಬರುವ ಡಬ್ಬಗಳೆಲ್ಲ ಒಂದೇ ಥರದವು, ಖಾಲಿಯಾದ ಎಣ್ಣೆ ಡಬ್ಬಗಳು. ಒಳಗಿನ ರಾಗಿಯೂ ಒಂದೇ. ಅದಕ್ಕೇ ಪ್ರತಿ ಮನೆಯವರೂ ಡಬ್ಬದ ಹಿಡಿಗೆ ತಮ್ಮ ಮನೆಯ ಹಳೇ ಸೀರೆಯ ಅಂಚಿನ ಒಂದು ಚೂರನ್ನು ಕಟ್ಟಿ ಕಳಿಸುತ್ತಿದ್ದರು. ಅಪ್ಪ ಆ ಚೂರು ನೋಡಿ ಹಿಟ್ಟು ಕೊಡುತ್ತಿದ್ದ. ಆಗಾಗ ಹಸಿರಿಗೂ ಗಿಳಿಹಸಿರಿಗೂ ಕಲಸುಮೇಲೋಗರವಾಗಿ ಹೆಂಗಸರ ಕೈಲಿ ಚೆನ್ನಾಗಿ ಉಗಿಸಿಕೊಳ್ಳುತ್ತಲೂ ಇದ್ದ. ಆಗ ಎತ್ತಲೋ ನೋಡುತ್ತಾ ನಿಲ್ಲುತ್ತಿದ್ದ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ತುಮಕೂರಿನಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮಾಡುತ್ತಿದ್ದೆ. ಕೊತ್ತಗೆರೆಯಿಂದ ಕುಣಿಗಲ್, ಅಲ್ಲಿಂದ ತುಮಕೂರು, ಸಂಜೆ ಅದೇ ದಾರಿ ವಾಪಸ್. ಪ್ರೈವೇಟ್ ಬಸ್ಸಿನ ಬಾನೆಟ್ ಮೇಲೆ ಕೂತು ಓದಿದ್ದೇ ಹೆಚ್ಚು. ಇಂಜಿನ್ ಬಿಸಿಗೆ ಪುಸ್ತಕದ ಹಾಳೆ ಬೆಚ್ಚಗಾಗಿರುತ್ತಿತ್ತು, ನನ್ನ ತಲೆಯೂ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಆದರೂ ಆ ಓದು ನನಗೆ ಇಷ್ಟವಾಗಿತ್ತು. ನಮ್ಮೂರಲ್ಲಿ ಯಾರಿಗೂ ಕಾಣದ ಒಂದು ಊರನ್ನು ನಾನೊಬ್ಬಳೇ ನೋಡುತ್ತಿದ್ದೇನೆ ಅನ್ನುವ ಜಂಬ ಇತ್ತು.

ಎರಡನೇ ವರ್ಷ ನಮ್ಮ ಪ್ರೊಫೆಸರ್ ಒಬ್ಬೊಬ್ಬರಿಗೆ ಒಂದೊಂದು ಸೆಮಿನಾರ್ ಹಂಚಿದರು. ನನ್ನ ಪಾಲಿಗೆ ಎಸ್‌ಎಚ್2 ಡೊಮೈನ್ ಬಂತು. ಬೆಂಗಳೂರಿನಿಂದ ತರಿಸಿದ ಜೆರಾಕ್ಸ್ ಕಟ್ಟೊಂದನ್ನು ಕೈಗಿಟ್ಟು, "ಬಾಯಿಪಾಠ ಮಾಡ್ಕೊಂಡು ಬರಬೇಡ. ನಡುವೆ ನಿಲ್ಲಿಸಿ ಕೇಳ್ತೀನಿ" ಎಂದರು. ಅವರು ನಡುವೆ ನಿಲ್ಲಿಸಿ ಕೇಳಿದಾಗ ಬೆವರದೇ ಇದ್ದವರನ್ನು ನಾನು ಕಂಡಿರಲಿಲ್ಲ.

ವಿಷಯ ಏನೋ ಚೆನ್ನಾಗಿತ್ತು. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳನ್ನು ಒಂದರ ಪಕ್ಕ ಒಂದು ಪೋಣಿಸಿದ ಸರ. ಸರದ ಒಂದು ಭಾಗ ತನ್ನಷ್ಟಕ್ಕೆ ತಾನೇ ಮಡಚಿಕೊಂಡು, ಒಂದು ಆಕಾರಕ್ಕೆ ಬಂದು, ಒಂದು ಕೆಲಸ ಹಿಡಿದರೆ ಅದು ಡೊಮೈನ್. ಎಸ್‌ಎಚ್2 ಡೊಮೈನಿನ ಕೆಲಸ, ಬೇಕಾದವರನ್ನು ಗುರುತು ಹಿಡಿದು ಹೋಗಿ ಅಂಟಿಕೊಳ್ಳುವುದು. ಹೊರಗಿನಿಂದ ಕೋಶಕ್ಕೆ 'ಬೆಳೆ' ಅಂತಲೋ 'ಎರಡಾಗು' ಅಂತಲೋ ಒಂದು ಸಂದೇಶ ಬರುತ್ತದೆ. ಕೋಶದ ಪೊರೆಯಲ್ಲಿ ನಾಟಿಕೊಂಡಿರುವ, ಗ್ರಾಹಕ ಅನ್ನುವ ಪ್ರೋಟೀನೊಂದು ಅದನ್ನು ಹಿಡಿಯುತ್ತದೆ. ಆಗ ಅದರ ಒಳಗಿನ ಬಾಲದಲ್ಲಿ, ಟೈರೋಸಿನ್ ಅನ್ನುವ ಅಮೈನೋ ಆಮ್ಲದ ಮೇಲೆ ಒಂದು ಫಾಸ್ಫೇಟ್ ಬಂದು ಕೂರುತ್ತದೆ. ಬರೀ ಟೈರೋಸಿನ್ ಇದ್ದಾಗ ಎಸ್‌ಎಚ್2 ಕಣ್ಣೆತ್ತಿಯೂ ನೋಡುವುದಿಲ್ಲ. ಫಾಸ್ಫೇಟ್ ಕೂತಿತೋ, ಬಂದು ಹಿಡಿದುಕೊಳ್ಳುತ್ತದೆ. ಸಂದೇಶ ಅಲ್ಲಿಂದ ಮುಂದಕ್ಕೆ ಸಾಗುತ್ತದೆ.

ಇಷ್ಟರವರೆಗೆ ನನಗೆ ಸಲೀಸಾಗಿತ್ತು. ಆಮೇಲೆ ಗಂಟು. ಫಾಸ್ಫೇಟ್ ಎಲ್ಲಿ ಕೂತರೂ ಅದೇ ಫಾಸ್ಫೇಟ್, ಅದಕ್ಕೆ ಬೇರೆ ಬೇರೆ ಮುಖ ಇಲ್ಲ. ಒಂದು ಕೋಶದಲ್ಲಿ ಅಂಥ ಟೈರೋಸಿನ್‌ಗಳು ಎಷ್ಟೋ. ಎಸ್‌ಎಚ್2 ಇರುವ ಪ್ರೋಟೀನುಗಳೂ ಹತ್ತಾರು. ಯಾವುದು ಎಲ್ಲಿಗೆ ಹೋಗಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಜೆರಾಕ್ಸಿನಲ್ಲಿ ಉತ್ತರ ಇತ್ತು. ನಾನು ಅದನ್ನು ಉರು ಹೊಡೆದಿದ್ದೆ. ಆದರೆ ಒಳಗೆ ಇಳಿದಿರಲಿಲ್ಲ, ಮತ್ತು ಇಳಿದಿಲ್ಲ ಅನ್ನುವುದು ನಿಲ್ಲಿಸಿ ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ.

ಈ ತಲೆಬಿಸಿಯಲ್ಲಿ ನಾನಿದ್ದಾಗ ಅತ್ತೆ ಬಂದರು.

ಅತ್ತೆ ಅಂದರೆ ಅಪ್ಪನ ಅಕ್ಕ. ಅಪ್ಪ ಚಿಕ್ಕವನಿದ್ದಾಗಲೇ ನಮ್ಮಜ್ಜಿ ತೀರಿಕೊಂಡದ್ದರಿಂದ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದು ಇವರೇ. ಅಕ್ಕ ಗೆರೆ ಹಾಕಿದರೆ ಅಪ್ಪ ದಾಟುವವನಲ್ಲ. ಅತ್ತೆ ಬಂದವರು ಕಾಲು ತೊಳೆಯುವ ಮೊದಲೇ ಹೇಳಿದ್ದು, "ಅಮೃತೂರಿನ ಹುಡ್ಗ ಕಣ್ಲಾ. ಸ್ವಂತ ಪಂಪ್‌ಸೆಟ್ ಅಂಗ್ಡಿ ಐತೆ. ತೆಳ್ಳಗವ್ನಂತೆ, ಬೆಳ್ಳಗವ್ನಂತೆ, ಕನ್ನಡಕ ಹಾಕ್ತಾನಂತೆ. ಆಷಾಢಕ್ಕೆ ಮುಂಚೆ ಮಾಡ್ಕೊಡಿ ಅಂತಾವ್ರೆ."

"ಅವಳ ಓದು ಅತ್ಗೆ?" ಅವ್ವ ಕೇಳಿದಳು.

"ಓದಿದ್ದು ಸಾಕಂತೆ. ಅದೇನೋ ಎಮ್ಮೆಸ್ಸಿ ಕಟ್ಕಂಡು ನಾವೇನ್ ಮಾಡಾಣ ಅಂದ್ರು. ಅದೂ ದಿಟವೇ ಅಲ್ವಾ?"

ಮನೆಗೆ ಬಂದು ಹೆಣ್ಣು ನೋಡುವ ಶಾಸ್ತ್ರವೂ ಬೇಕಿರಲಿಲ್ಲವಂತೆ. ಅತ್ತೆಯ ಗಂಡನ ಕಡೆಯವರೊಬ್ಬರ ಮದುವೆ ತುಮಕೂರಿನ ಛತ್ರದಲ್ಲಿತ್ತು. ಅತ್ತೆಗೆ ಈ ಸಂಬಂಧ ಹೇಳಿದ ಹೆಂಗಸೊಬ್ಬಳು ಹುಡುಗನ ಕಡೆಯವರನ್ನೂ ಅಲ್ಲಿಗೆ ಕರೆತರುತ್ತಾಳೆ, ಅವರು ಹಾಗೇ ಕಣ್ಣಾಡಿಸಿಕೊಳ್ಳುತ್ತಾರೆ, ಒಪ್ಪಿಗೆಯಾದರೆ ಅಲ್ಲೇ ಮಾತು. ನನ್ನನ್ನು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಅಪ್ಪ ಮಿಲ್ಲಿಗೆ ಹೋಗಿದ್ದ. ನಾನೂ ಸೀದಾ ಅಲ್ಲಿಗೆ ಹೋದೆ. ಮಿಷನ್ ಓಡುತ್ತಿತ್ತು, ಹೆಂಗಸರು ಡಬ್ಬ ಇಟ್ಟುಕೊಂಡು ಸಾಲಾಗಿ ಕೂತಿದ್ದರು. ಅಪ್ಪನ ಕಿವಿಯ ಹತ್ತಿರ ಹೋಗಿ ಇರುವ ಶಕ್ತಿಯನ್ನೆಲ್ಲ ಹಾಕಿ ಕೂಗಿದೆ. ಸರಿಯಾಗಿ ಅದೇ ಗಳಿಗೆಗೆ ಕರೆಂಟು ಹೋಯಿತು. "ನಂಗೀಗ ಮದ್ವೆ ಬ್ಯಾಡ ಕಣಪ್ಪಾ!" ಅನ್ನುವ ನನ್ನ ಕೂಗು ಕೊತ್ತಗೆರೆಗೆಲ್ಲ ಕೇಳಿಸಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಪ್ಪ ಮಿಷನ್ನಿನ ಬೆಲ್ಟನ್ನು ಬಟ್ಟೆಯಲ್ಲಿ ಒರೆಸುತ್ತಾ ಮೆಲ್ಲಗೆ, "ಅಕ್ಕನ್ಗೆ ಹೆಂಗವ್ವ ಬ್ಯಾಡ ಅನ್ಲಿ" ಎಂದ. ಆಮೇಲೆ ಎತ್ತಲೋ ನೋಡುತ್ತಾ ನಿಂತ.

ನನಗೆ ಮೈಯೆಲ್ಲ ಉರಿದುಹೋಯಿತು. ಅವತ್ತಿನಿಂದ ಅಪ್ಪನ ಜೊತೆ ಮಾತು ಬಿಟ್ಟೆ. ಆದರೆ ಮಾತೇ ಆಡದ ಮನುಷ್ಯನ ಜೊತೆ ಮಾತು ಬಿಟ್ಟು ಏನು ಪ್ರಯೋಜನ? ಅವನಿಗೆ ಅದು ಗೊತ್ತೇ ಆದಂತೆ ಕಾಣಲಿಲ್ಲ. ಮುದ್ದೆ ಮುರಿದುಕೊಂಡು ತಿಂದು ತನ್ನಷ್ಟಕ್ಕೆ ತಾನು ಮಿಲ್ಲಿಗೆ ಹೋಗುತ್ತಿದ್ದ.

ಮದುವೆಯ ಹಿಂದಿನ ದಿನ ಅಪ್ಪ ಮುಯ್ಯಿಗೆ ಅಂತ ಒಂದು ಸ್ಟೀಲ್ ಕೊಡ ತಂದ. ನಮ್ಮಣ್ಣನ ಮದುವೆಗೆ ಆ ಮನೆಯವರು ಕೊಡ ಕೊಟ್ಟಿದ್ದರು, ನಾವು ಅದನ್ನು ಕೊಡದಲ್ಲೇ ತೀರಿಸಬೇಕು. ಈ ವಿಷಯದಲ್ಲಿ ಅಪ್ಪ ಬಹಳ ಕಟ್ಟುನಿಟ್ಟು. ಮುಯ್ಯಿ ಕೊಡದೆ ಮದುವೆ ಮನೆಯಲ್ಲಿ ಎಲೆ ಮುಂದೆ ಕೂತವನೇ ಅಲ್ಲ. ಕೊಡದ ಮುಚ್ಚಳ ಬೀಳದಿರಲೆಂದು ಅವ್ವನ ಹಳೇ ಹಸಿರು ಸೀರೆಯ ಚೌಕುಳಿ ಅಂಚನ್ನು ಹರಿದು ಕಟ್ಟಿದ. ಮಿಲ್ಲಿನ ಡಬ್ಬಕ್ಕೆ ಕಟ್ಟುವ ಥರದ್ದೇ ಗಂಟು.

"ಮದ್ವೆ ಮನೆಗೂ ಮಿಲ್ಲಿನ ಗಂಟಾ? ಒಂದು ರಿಬ್ಬನ್ ತರಬಾರ್ದಿತ್ತಾ?" ಎಂದಳು ಅವ್ವ.

"ನಮ್ದು ಅಂತ ಗೊತ್ತಾಗ್ಲಿ ಬುಡು," ಎಂದ ಅಪ್ಪ.

ಬೆಳಿಗ್ಗೆ ಎದ್ದು ನಾವು ನಾಲ್ಕು ಜನ ಬಸ್ಸು ಹತ್ತಿದೆವು. ಅತ್ತೆಯ ಗಂಡ ಬರಲಿಲ್ಲ, ಹಸು ಕರು ಹಾಕುವುದರಲ್ಲಿತ್ತು. ನನಗೆ ಅವ್ವನ ರೇಷ್ಮೆ ಸೀರೆ ಸುತ್ತಿದ್ದರು. ನಾನು ಸೆಮಿನಾರಿನ ಜೆರಾಕ್ಸನ್ನು ಕೈಚೀಲಕ್ಕೆ ತುರುಕಿಕೊಂಡಿದ್ದೆ, ಹಟಕ್ಕೆ.

ತುಮಕೂರಿನಲ್ಲಿ ಇಳಿದು ನಡೆದೆವು. ಆ ರಸ್ತೆಯಲ್ಲಿ ಎದುರುಬದುರಾಗಿ ಎರಡು ಛತ್ರಗಳು. ಅವತ್ತು ಎರಡರಲ್ಲೂ ಮದುವೆ. ಎರಡರ ಮುಂದೆಯೂ ಬಾಳೆಕಂಬ, ಸೀರಿಯಲ್ ಸೆಟ್ಟು, ಹೂವಿನ ಕಮಾನು, ಮೈಕಿನಲ್ಲಿ ಓಲಗ. ಕಮಾನಿನ ಮೇಲೆ ಥರ್ಮಾಕೋಲಿನಲ್ಲಿ ಕೊರೆದ ಹೆಸರುಗಳು ಬೇರೆ ಬೇರೆ ಇದ್ದವು, ನಿಜ. ಆದರೆ ಮುಂದಾಳು ನಮ್ಮತ್ತೆ, ಮತ್ತು ಅವರ ಕನ್ನಡಕ ಪರ್ಸಿನಲ್ಲಿತ್ತು. ಗಂಡಿನ ಕಡೆಯವರ ಮುಂದೆ ಕನ್ನಡಕ ಹಾಕಿಕೊಂಡರೆ ನಮ್ಮ ವಂಶಕ್ಕೇ ಕಣ್ಣಿಲ್ಲ ಅಂದುಕೊಳ್ಳುತ್ತಾರೆ ಅನ್ನುವುದು ಅವರ ಲೆಕ್ಕ. ಯಾವ ಕಮಾನು ಮೊದಲು ಸಿಕ್ಕಿತೋ ಅದರೊಳಗೆ ನುಗ್ಗಿದರು.

ಗೇಟಿನಲ್ಲಿ ಹುಡುಗಿಯೊಬ್ಬಳು ಪನ್ನೀರು ಎರಚಿ ಕಲ್ಲುಸಕ್ಕರೆ ಕೊಟ್ಟಳು. ಪಕ್ಕದಲ್ಲಿ ನಿಂತಿದ್ದ ಪೇಟದವರು, "ಗಂಡಿನ ಕಡೆಯೋರಾ? ಬನ್ನಿ ಬನ್ನಿ" ಎಂದರು. ಅತ್ತೆ "ಹೂಂ, ಗಂಡಿನ ಕಡೆಯೇ" ಎಂದರು. ಹಿಂದೆ ಬರುತ್ತಿದ್ದ ಅಪ್ಪ ಕೊಡ ಹಿಡಿದುಕೊಂಡು ನಿಂತುಬಿಟ್ಟ. ಚಪ್ಪಲಿ ಬಾರು ಕಿತ್ತಿರಬೇಕು ಅಂದುಕೊಂಡೆ.

"ಅಕ್ಕ, ಒಸಿ ತಡಿ..." ಎಂದ.

"ತಡಿಯಾಕೇನ್ಲಾ ಐತೆ? ಧಾರೆ ಹೊತ್ತಾಯ್ತು. ಬಾ ಬಿರ್ರನೆ."

ಅಪ್ಪ ನನ್ನ ಕಡೆ ತಿರುಗಿ ನೋಡಿದ. ನಾನು ಮಾತು ಬಿಟ್ಟಿದ್ದೆನಲ್ಲ, ಮುಖವನ್ನು ಆ ಕಡೆ ತಿರುಗಿಸಿಕೊಂಡೆ. ಅಪ್ಪ ಕೊಡವನ್ನು ಕಂಕುಳಿಗೆ ಏರಿಸಿಕೊಂಡು ಒಳಗೆ ಬಂದ.

ಮದುವೆ ಮನೆಯಲ್ಲಿ ಯಾರೂ ಯಾರನ್ನೂ ನೀವು ಯಾರು ಅಂತ ಕೇಳುವುದಿಲ್ಲ. ಕೇಳಿದರೆ ಮರ್ಯಾದೆ ಅಲ್ಲ. ಗುರುತಿಲ್ಲದ ಮುಖವೆಲ್ಲ ಗಂಡಿನ ಕಡೆಗೆ ಹೆಣ್ಣಿನ ಕಡೆಯದು, ಹೆಣ್ಣಿನ ಕಡೆಗೆ ಗಂಡಿನ ಕಡೆಯದು. ಅತ್ತೆಯೂ ಹಾಗೇ, "ಇವ್ರೆಲ್ಲ ಹೆಣ್ಣಿನ ಕಡೆಯೋರು ಕಣೇ" ಅನ್ನುತ್ತಾ ಸಿಕ್ಕವರಿಗೆಲ್ಲ ಕೈ ಮುಗಿದುಕೊಂಡು ಮುಂದಿನ ಸಾಲಿನಲ್ಲೇ ಕೂತರು. ಅಪ್ಪ "ಕೊಡ ಕೊಟ್ಟು ಬತ್ತೀನಿ" ಎಂದು ಹೋದ. ಬಹಳ ಹೊತ್ತಿನ ಮೇಲೆ ಬರಿಗೈಯಲ್ಲಿ ಬಂದು, ಟವೆಲಿನಿಂದ ಬೆವರು ಒರೆಸಿಕೊಂಡು, ನಮ್ಮ ಪಕ್ಕ ಕೂತ. ಧಾರೆಯಾಯಿತು. ಯಾರೋ ಗಂಡು, ಯಾರೋ ಹೆಣ್ಣು, ನಾವು ತುಂಬು ಮನಸ್ಸಿನಿಂದ ಅಕ್ಷತೆ ಹಾಕಿದೆವು.

ಸಂಬಂಧ ಹೇಳಿದ್ದ ಹೆಂಗಸು ಅತ್ತೆಯ ಕಣ್ಣಿಗೆ ಬೀಳಲಿಲ್ಲ. ಕನ್ನಡಕ ಇಲ್ಲದ ಆ ಕಣ್ಣಿಗೆ ಕಂಬವೂ ಹೆಂಗಸಿನ ಹಾಗೇ ಕಾಣುತ್ತಿತ್ತು. "ಊಟ ಆಗ್ಲಿ, ಸಿಕ್ತಾರೆ" ಎಂದು ಮೊದಲ ಪಂಕ್ತಿಗೇ ಕೂರಿಸಿದರು. ಅಪ್ಪ ಅವತ್ತು ಉಂಡ ಹಾಗೆ ಯಾವತ್ತೂ ಉಂಡವನಲ್ಲ. ಮನೆಯಲ್ಲಿ ಗಬಗಬನೆ ತಿಂದು ಏಳುವವನು ಅಲ್ಲಿ ಒಂದೊಂದೇ ತುತ್ತು. ಹೋಳಿಗೆಯ ಮೇಲೆ ತುಪ್ಪ ಕೇಳಿದ. ಮತ್ತೆ ಹೋಳಿಗೆ ಕೇಳಿದ. ಅನ್ನ ಬೇಡ ಅಂದವನು ಮಜ್ಜಿಗೆಗೆ ಅಂತ ಮತ್ತೆ ಅನ್ನ ಹಾಕಿಸಿಕೊಂಡ. ಪಂಕ್ತಿಯಲ್ಲಿ ಒಬ್ಬರು ಉಣ್ಣುತ್ತಿರುವಾಗ ಉಳಿದವರು ಏಳುವಂತಿಲ್ಲ. ಕೈ ಒಣಗಿಸಿಕೊಂಡು ಎಲ್ಲರೂ ಅಪ್ಪನ ಎಲೆಯನ್ನೇ ನೋಡುತ್ತಾ ಕೂತಿದ್ದೆವು. "ಏನ್ಲಾ ಇದು, ಬರಗೆಟ್ಟೋನಂಗೆ" ಎಂದು ಅತ್ತೆ ಪಿಸುಗುಟ್ಟಿದರು. ನನಗೆ ಇನ್ನಷ್ಟು ಸಿಟ್ಟು ಬಂತು. ಮಗಳ ಓದು ಮಣ್ಣುಪಾಲಾಗುತ್ತಿರುವ ದಿನ ಈ ಮನುಷ್ಯನಿಗೆ ಹೋಳಿಗೆ ಬೇಕು.

ಊಟ ಮುಗಿಸಿ ಹಾಲಿಗೆ ಬಂದಾಗ ಅತ್ತೆ ಗಕ್ಕನೆ ನಿಂತು, ಕಣ್ಣು ಕಿರಿದು ಮಾಡಿ ನೋಡಿ, ನನ್ನ ತೋಳು ಗಿಲ್ಲಿದರು. ಅಲ್ಲೊಬ್ಬ ಕೂತಿದ್ದ. ತೆಳ್ಳಗಿದ್ದ, ಬೆಳ್ಳಗಿದ್ದ, ಕನ್ನಡಕ ಹಾಕಿದ್ದ. ಅತ್ತೆಗೆ ಅಷ್ಟು ಸಾಕಾಯಿತು. ಅವನ ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ಎತ್ತಿ ಕೆಳಗಿಟ್ಟು, "ಕೂತ್ಕೋ ಮಗ" ಎಂದು ನನ್ನನ್ನು ಅಲ್ಲಿ ಕೂರಿಸಿ, ತಾವು ಅವ್ವನ ಜೊತೆ ಹಿಂದಿನ ಸಾಲಿಗೆ ಹೋದರು. ಆತ, ಮರ್ಯಾದಸ್ಥ, ಕೊಂಚ ಸರಿದು ಜಾಗ ಬಿಟ್ಟ.

"ಏನ್ ಓದ್ತಿದೀರ?" ಎಂದು ಕೇಳಿದ, ಏನಾದರೂ ಕೇಳಬೇಕಲ್ಲ ಅಂತ.

ನನಗೆ ಥಟ್ಟನೆ ಒಂದು ಉಪಾಯ ಹೊಳೆಯಿತು. ನಾನಾಗಿ ಬೇಡ ಅನ್ನುವಂತಿಲ್ಲ. ಅವನೇ ಬೇಡ ಅನ್ನುವ ಹಾಗೆ ಮಾಡಿದರೆ? ಚೀಲದಿಂದ ಜೆರಾಕ್ಸ್ ತೆಗೆದು ತೊಡೆಯ ಮೇಲೆ ಹರಡಿಕೊಂಡು ಶುರು ಮಾಡಿದೆ. ಡೊಮೈನ್ ಅಂದೆ, ಟೈರೋಸಿನ್ ಅಂದೆ, ಗ್ರಾಹಕ ಅಂದೆ, ಫಾಸ್ಫೇಟ್ ಅಂದೆ. ಉಸಿರು ಬಿಡದೆ ಇಡೀ ಸೆಮಿನಾರನ್ನು ಆ ಪಾಪದ ಮನುಷ್ಯನ ತಲೆಯ ಮೇಲೆ ಸುರಿದೆ. ಇಂಥ ಹೆಂಡತಿ ಬೇಕೇನಪ್ಪ ನಿನ್ನ ಪಂಪ್‌ಸೆಟ್ ಅಂಗಡಿಗೆ, ಹೇಳು ನೋಡೋಣ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆತ ಓಡಿಹೋಗಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಚಿತ್ರವನ್ನು ನೋಡಿ, "ಒಂದ್ನಿಮಿಷ. ಎಲ್ಲಾ ಕಡೆನೂ ಅದೇ ಫಾಸ್ಫೇಟ್ ಅಂದ್ರಲ್ಲ. ಹಂಗಾದ್ರೆ ಯಾರ್ ಹತ್ರ ಹೋಗ್ಬೇಕು ಅಂತ ಅದಕ್ಕೆ ಹೆಂಗ್ ಗೊತ್ತಾಗುತ್ತೆ?" ಎಂದ.

ಸರಿಯಾಗಿ ಅದೇ ಗಂಟು. ಉರು ಹೊಡೆದ ಸಾಲು ನಾಲಿಗೆಯ ತುದಿಗೆ ಬಂತು, ಆದರೆ ಹೇಳಲು ನಾಚಿಕೆಯಾಯಿತು. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು, "ರೀ, ಇವನ್ನ ಒಸಿ ಹಿಡ್ಕೊಳಿ" ಎಂದು ಒಂದು ಕೂಸನ್ನು ಅವನ ಮಡಿಲಿಗೆ ಹಾಕಿದಳು.

ಹಿಂದಿನ ಸಾಲಿನಿಂದ ಅತ್ತೆ ಎದ್ದು ಬಂದರು. "ಯಾರ್ದು ಆ ಮಗ?"

"ನಮ್ದೇ," ಎಂದ ಆತ.

"ಮದ್ವೆ ಆಗೋಗಿದ್ಯಾ ನಿಂಗೆ?"

"ಆಗಿದೆ. ಯಾಕಮ್ಮ?"

"ಮದ್ವೆ ಆಗಿ, ಮಗ ಎತ್ಕಂಡು, ನಮ್ಮ ಹೆಣ್ ನೋಡಾಕ್ ಬಂದಿದೀಯಲ್ಲಪ್ಪ! ನಿಂಗೆ ಮಾನ ಮರ್ವಾದಿ ಏನಾದ್ರೂ ಐತಾ?"

ಓಲಗದವರು ಊದುವುದನ್ನು ನಿಲ್ಲಿಸಿದರು. ಆತನ ಹೆಂಡತಿ ಮೊದಲು ಗಂಡನನ್ನು, ಆಮೇಲೆ ನನ್ನನ್ನು, ಆಮೇಲೆ ನನ್ನ ತೊಡೆಯ ಮೇಲಿದ್ದ ಜೆರಾಕ್ಸನ್ನು ನೋಡಿದಳು. ಆತ ಪಾಪ, "ಯಾವ ಹೆಣ್ಣು? ನಾನು ಮದ್ವೆ ಗಂಡಿನ ಭಾವ. ಹೈಸ್ಕೂಲ್ ಮೇಷ್ಟ್ರು. ನೀವು ಯಾವ ಕಡೆಯೋರು?" ಎಂದ. ಅತ್ತೆ ಗಂಡಿನ ಕಡೆ ಎಂದರು. ಗಂಡಿನ ಅಮ್ಮನೇ ಬಂದು, "ನಿಮ್ಮನ್ನ ನಾನು ನೋಡೇ ಇಲ್ವಲ್ಲ ತಾಯಿ" ಎಂದರು. ಅತ್ತೆ ಪರ್ಸು ತೆಗೆದು, ಕನ್ನಡಕ ಹಾಕಿಕೊಂಡು, ವೇದಿಕೆಯ ಮೇಲಿದ್ದ ಥರ್ಮಾಕೋಲಿನ ಹೆಸರುಗಳನ್ನು ಒಂದೊಂದೇ ಅಕ್ಷರವಾಗಿ ಓದಿದರು.

"ಅಯ್ಯೋ ನನ್ ಶಿವನೇ," ಎಂದರು. ಮರುಗಳಿಗೆಗೆ, "ಕೊಡ! ಕೊಡ ಇವ್ರಿಗೆ ಕೊಟ್ಬುಟ್ನಲ್ಲ ಇವ್ನು! ಹೋಗ್ಲಾ, ಈಸ್ಕಂಡ್ ಬಾ!"

"ಕೊಟ್ಟಿದ್ದು ಕೇಳಾಕಾಗ್ತದಾ ಅಕ್ಕ, ಬುಡು," ಎಂದ ಅಪ್ಪ.

ಆ ಮನೆಯವರು ಒಳ್ಳೆಯವರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಊಟ ಆಯ್ತಲ್ಲ, ಅಷ್ಟು ಸಾಕು ಬನ್ನಿ" ಎಂದು ನಮಗೆ ತಾಂಬೂಲದ ಚೀಲವನ್ನೂ ಕೊಟ್ಟು ಕಳಿಸಿದರು. ಮೇಷ್ಟ್ರು ಗೇಟಿನ ತನಕ ಬಂದು, "ಉತ್ತರ ಗೊತ್ತಾದ್ರೆ ಹೇಳಿ" ಎಂದು ಕೂಗಿದ. ಅವನ ಹೆಂಡತಿಯ ಮುಖ ಮಾತ್ರ ಇನ್ನೂ ಬಿಗಿದೇ ಇತ್ತು.

ರಸ್ತೆ ದಾಟಿ ಎದುರು ಛತ್ರಕ್ಕೆ ಓಡಿದೆವು. ಅಲ್ಲಿ ಕೊನೆಯ ಪಂಕ್ತಿ ಏಳುತ್ತಿತ್ತು. ಸಂಬಂಧ ಹೇಳಿದ್ದ ಹೆಂಗಸು ಅತ್ತೆಯನ್ನು ಕಂಡೊಡನೆ ಎಗರಿ ಬಿದ್ದಳು. ಹುಡುಗನ ಕಡೆಯವರು ಬೆಳಗಿನಿಂದ ಕಾದು ಕಾದು, ಮಾತಿಗೆ ನಿಲ್ಲದ ಜನ ಎಂದು ಬೈದು, ಅಮೃತೂರಿನ ಬಸ್ಸು ಹತ್ತಿ ಹೋಗಿದ್ದರು. ಇನ್ನು ಆ ಕಡೆಯಿಂದ ಮಾತೇ ಇಲ್ಲವಂತೆ. ಅತ್ತೆ ಗೋಗರೆಯುತ್ತಿದ್ದರು. ನನಗೆ ಒಳಗೊಳಗೇ ನಗು ಉಕ್ಕುತ್ತಿತ್ತು. ಅದನ್ನು ಅಡಗಿಸಿಕೊಳ್ಳಲು ವೇದಿಕೆಯ ಕಡೆ ತಿರುಗಿದೆ.

ವೇದಿಕೆಯ ಪಕ್ಕ ಮುಯ್ಯಿಯ ಪಾತ್ರೆಗಳನ್ನು ಗುಡ್ಡೆ ಹಾಕಿದ್ದರು. ಕೊಡಗಳೇ ಹೆಚ್ಚು, ಎಲ್ಲವೂ ಸ್ಟೀಲು, ಎಲ್ಲವೂ ಒಂದೇ ಥರ ಫಳಫಳ. ಅವುಗಳ ನಡುವೆ ಒಂದರ ಮುಚ್ಚಳಕ್ಕೆ ಹಸಿರು ಚೌಕುಳಿ ಅಂಚು ಕಟ್ಟಿತ್ತು. ಮಿಲ್ಲಿನ ಗಂಟು.

ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಕೊಡ. ಧಾರೆಗೆ ಮೊದಲೇ ಇಲ್ಲಿಗೆ ಬಂದು ಕೂತಿತ್ತು. ಅಂದರೆ ಅಪ್ಪ ಬೆಳಿಗ್ಗೆಯೇ ರಸ್ತೆ ದಾಟಿ, ಸರಿಯಾದ ಮನೆಗೆ ಸರಿಯಾದ ಮುಯ್ಯಿ ಮುಟ್ಟಿಸಿ, ಮತ್ತೆ ರಸ್ತೆ ದಾಟಿ ಬಂದು, ತಪ್ಪು ಛತ್ರದಲ್ಲಿ ಅಕ್ಕನ ಪಕ್ಕ ಏನೂ ಅರಿಯದವನ ಹಾಗೆ ಕೂತಿದ್ದ. ಆಮೇಲೆ ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡಿದ್ದ. ಅಕ್ಕನಿಗೆ ಬೇಡ ಅನ್ನಲು ಬಾಯಿ ಬರದ ಮನುಷ್ಯ ಬೇಡ ಅನ್ನುವುದನ್ನು ಹೀಗೆ ಉಂಡು ಮುಗಿಸಿದ್ದ.

ತಿರುಗಿ ನೋಡಿದೆ. ಅಪ್ಪ ಕಂಬಕ್ಕೆ ಒರಗಿ ಎಲೆಯಡಿಕೆ ಅಗಿಯುತ್ತಿದ್ದ. ನನ್ನ ಕಣ್ಣು ಎಲ್ಲಿದೆ ಅಂತ ನೋಡಿ ಹುಬ್ಬು ಏರಿಸಿದ. ನಾನು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದೆ. ನನಗೆ ಅಳು ಬಂತು. ಅಷ್ಟು ಪ್ರೀತಿ ನನಗೆ ಯಾರ ಮೇಲೂ ಯಾವತ್ತೂ ಉಕ್ಕಿರಲಿಲ್ಲ. "ಅಳಬೇಡ ಮಗ, ಇದಲ್ದಿದ್ರೆ ಇನ್ನೊಂದು ಸಂಬಂಧ" ಎಂದು ಅತ್ತೆ ನನ್ನ ಬೆನ್ನು ಸವರಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಮತ್ತೆ ಜೆರಾಕ್ಸ್ ತೆಗೆದೆ. ಈ ಸಲ ಅದು ಒಳಗೆ ಇಳಿಯಿತು. ಎಸ್‌ಎಚ್2 ಡೊಮೈನಿನಲ್ಲಿ ಪಕ್ಕಪಕ್ಕದಲ್ಲೇ ಎರಡು ಗುಳಿಗಳಿವೆ. ಒಂದು ಆಳವಾದದ್ದು, ಫಾಸ್ಫೇಟನ್ನು ಹಿಡಿಯುವುದಕ್ಕೆ. ಹಿಡಿತದ ಬಲವೆಲ್ಲ ಹೆಚ್ಚುಕಡಿಮೆ ಅಲ್ಲೇ. ಆದರೆ ಅದಕ್ಕೆ ಗೊತ್ತಾಗುವುದು ಇಲ್ಲೊಂದು ಸಮಾರಂಭ ನಡೆಯುತ್ತಿದೆ ಅಂತ ಮಾತ್ರ. ಎರಡನೆಯ ಗುಳಿ ಟೈರೋಸಿನ್ನಿನ ಪಕ್ಕದ ಕೆಲವು ಅಮೈನೋ ಆಮ್ಲಗಳನ್ನು ತಡವಿ ನೋಡುತ್ತದೆ. ಒಂದು ಡೊಮೈನಿಗೆ ಟೈರೋಸಿನ್ ಆದಮೇಲಿನ ಮೂರನೆಯ ಜಾಗದಲ್ಲಿ ಎಣ್ಣೆಜಿಡ್ಡಿನ ಸ್ವಭಾವದ್ದು ಬೇಕು, ಇನ್ನೊಂದಕ್ಕೆ ಎರಡನೆಯ ಜಾಗದಲ್ಲಿ ಬೇರೊಂದು ಬೇಕು. ಆ ಸಣ್ಣ ಗುರುತು ಕೂಡಿದರೆ ಗಟ್ಟಿಯಾಗಿ ಕೂರುತ್ತದೆ, ಕೂಡದಿದ್ದರೆ ಸ್ವಲ್ಪ ಹೊತ್ತು ಕೂತು ಎದ್ದುಹೋಗುತ್ತದೆ. ಕಮಾನು ಎಲ್ಲ ಛತ್ರದ್ದೂ ಒಂದೇ. ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಬೇಕು.

ಸೆಮಿನಾರಿನಲ್ಲಿ ಪ್ರೊಫೆಸರ್ ನಿರೀಕ್ಷೆಯಂತೆ ಅದೇ ಜಾಗದಲ್ಲಿ ನಿಲ್ಲಿಸಿ ಕೇಳಿದರು. ನಾನು ಇಂಗ್ಲಿಷು ಪಕ್ಕಕ್ಕಿಟ್ಟು ಛತ್ರದ ಕತೆ ಹೇಳಿದೆ. ಹಿಡಿತ ಸಡಿಲ ಇರುವುದೂ ಒಳ್ಳೆಯದೇ ಅಂದೆ. ನೆಂಟರು ಉಂಡ ಮೇಲೆ ಏಳದೇ ಇದ್ದರೆ ಛತ್ರ ಖಾಲಿಯಾಗುವುದಿಲ್ಲ, ಕೋಶದಲ್ಲೂ ಅಷ್ಟೇ, ಸಂದೇಶ ಮುಗಿದ ಮೇಲೆ ಫಾಸ್ಫೇಟ್ ಕಿತ್ತುಹಾಕುವ ಕಿಣ್ವ ಬರುತ್ತದೆ, ಚಪ್ಪರ ಬಿಚ್ಚುವವರ ಹಾಗೆ. ಪ್ರೊಫೆಸರ್ ನಕ್ಕಿದ್ದನ್ನು ನಮ್ಮ ಬ್ಯಾಚು ಮೊದಲ ಸಲ ನೋಡಿತು. "ಊಟ ಹೇಗಿತ್ತು?" ಎಂದು ಕೇಳಿ ಕೂರಿಸಿದರು.

ಎಂ.ಎಸ್ಸಿ. ಮುಗಿಯಿತು. ಎರಡು ಸಾವಿರನೇ ಇಸವಿಯ ನಂತರ ಗುಬ್ಬಿಯಲ್ಲಿ ಕೆಲಸವೂ ಸಿಕ್ಕಿತು. ಮದುವೆಯೂ ಆಯಿತು, ಸರಿಯಾದ ಛತ್ರದಲ್ಲಿ. ಬೋರ್ಡನ್ನು ನಾನೇ ಎರಡು ಸಲ ಓದಿಕೊಂಡು ಒಳಗೆ ಹೋದೆ. ಅತ್ತೆ ಊರೆಲ್ಲ "ನಮ್ಮ ಹುಡ್ಗಿ ಲೆಕ್ಚರ್ರು" ಎಂದು ಹೇಳಿಕೊಂಡು ಓಡಾಡಿದರು. ಓದಿಸಿದ್ದೇ ತಾವು ಅನ್ನುವ ಧಾಟಿಯಲ್ಲಿ.

ಆ ಕೊಡದ ಮಾತನ್ನು ನಾನೂ ಅಪ್ಪನೂ ಯಾವತ್ತೂ ಆಡಿರಲಿಲ್ಲ. ಒಮ್ಮೆ ಅಪ್ಪ ಗುಬ್ಬಿಗೆ ಬಂದಿದ್ದಾಗ ಹೋಳಿಗೆ ಮಾಡಿದ್ದೆ. ಬಡಿಸುತ್ತಾ ಕೇಳಿಯೇ ಬಿಟ್ಟೆ.

"ಅವತ್ತು ಗೇಟಿನ ಹತ್ರ ಹೇಳಕ್ ಬಂದೋನು ಆಮೇಲೂ ಯಾಕಪ್ಪ ಹೇಳ್ಲೇ ಇಲ್ಲ?"

ಅಪ್ಪ ಒಂದು ತುತ್ತು ತಿಂದ. "ಕೊಡ ಕೊಡಾಕ್ ಹೋದಾಗ ಆ ಕಡೆ ಅಡ್ಗೆಮನೆ ಇಣುಕಿ ನೋಡ್ದೆ. ಬರೀ ಬೂಂದಿ ಮಾಡ್ಸಿದ್ರು. ಈ ಕಡೆ ಹೋಳ್ಗೆ."

ನಾನು ಜೋರಾಗಿ ನಕ್ಕೆ. ಅವನೂ ನಕ್ಕ. ಆಮೇಲೆ ಎಲೆಯನ್ನೇ ನೋಡುತ್ತಾ ಹೇಳಿದ.

"ನಾ ನೋಡ್ದಾಗ ನೀನು ಮಕ ತಿರುಗಿಸ್ಕಂಡ್ಯಲ್ಲವ್ವ. ನೀ ನನ್ನ ತಾವ ಮಾತು ಬಿಟ್ಟಿದೀಯ ಅಂತ ನಂಗೆ ಅವಾಗ್ಲೇ ಗೊತ್ತಾಗಿದ್ದು."

ನಾನು ಇನ್ನೊಂದು ಹೋಳಿಗೆ ಹಾಕಿದೆ. ಬೇಡ ಅನ್ನಲಿಲ್ಲ.